ಆವರ್ತ ಭವನದ ಎಂಟನೆಯ ಕೋಣೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಮಣಿಸಾಲು ಎಂಬ ರಾಜ್ಯವಿತ್ತು. ಅದರ ನಟ್ಟನಡುವೆ ಏಳು ಅಂತಸ್ತಿನ ಆವರ್ತ ಭವನ. ಅಲ್ಲಿ ರಾಜರಾಗಲಿ ರಾಣಿಯರಾಗಲಿ ಇರುತ್ತಿರಲಿಲ್ಲ, ಧಾತುಗಳು ಇರುತ್ತಿದ್ದವು. ಚಿನ್ನ, ಕಬ್ಬಿಣ, ಗಂಧಕ, ಪಾದರಸ, ಕಣ್ಣಿಗೆ ಕಾಣದ ಜಲಜನಕ, ಹೀಗೆ ನೂರ ಹದಿನೆಂಟು ಧಾತುಗಳು. ಒಂದೊಂದಕ್ಕೂ ಒಂದೊಂದು ಕೋಣೆ. ಲೋಕದ ಕಲ್ಲು, ನೀರು, ಎಲೆ, ಮನುಷ್ಯರ ರಕ್ತ ಎಲ್ಲವೂ ಅವುಗಳಿಂದಲೇ ಆಗಿದ್ದವು.

ಕಲಬೆರಕ ಎಂಬ ಮಾಂತ್ರಿಕನೊಬ್ಬನಿದ್ದ. ಅವನಿಗೆ ಸ್ವಂತ ಮೈಯಿರಲಿಲ್ಲ. ಅವನು ಭವನಕ್ಕೆ ನುಗ್ಗಿ, ಬೇಕಾದ ಧಾತುಗಳಿಂದ ಒಂದೊಂದು ಚಿಟಿಕೆ ಕದ್ದು ಮೈ ಮಾಡಿಕೊಂಡ. ಕಳವು ತಿಳಿಯದಿರಲೆಂದು ಎಲ್ಲ ಧಾತುಗಳನ್ನೂ ಅಂಗಳಕ್ಕೆ ಎಳೆದು ಕಲಸಿದ. ಬಾಗಿಲ ಮೇಲಿನ ಹೆಸರುಗಳನ್ನು ಕೆರೆದುಹಾಕಿದ.

ಅಂದಿನಿಂದ ಅಡುಗೆಯ ಉಪ್ಪು ಸಿಡಿಯತೊಡಗಿತು. ದೀಪಗಳು ಹತ್ತಲಿಲ್ಲ. ದಿನದಿನಕ್ಕೂ ಜನರಿಗೆ ಉಸಿರು ಸಾಲದಾಯಿತು.

ಭವನದ ಹತ್ತಿರದ ಒಂದು ಊರಿನಲ್ಲಿ ಗಂಟೆ ಎರಕ ಹೊಯ್ಯುವ ಬೊಮ್ಮೋಜನೂ ಅವನ ಮಗಳು ಪದುಮಲೆಯೂ ಇದ್ದರು. ಒಂದು ಬೆಳಿಗ್ಗೆ ಬೊಮ್ಮೋಜ ಚಾಪೆಯಿಂದ ಏಳಲಾರದೆ ಹೋದ.

"ಅಪ್ಪಾ, ನಾನು ಭವನಕ್ಕೆ ಹೋಗ್ತೀನಿ" ಎಂದಳು ಪದುಮಲೆ.

"ಹೋದ ಪಂಡಿತರೆಲ್ಲ ಕಲ್ಲಾಗಿ ನಿಂತಿದ್ದಾರೆ ಮಗಳೇ. ನೀನು ಹೋಗಬೇಡ."

"ನಿನ್ನ ತುಟಿ ನೀಲಿಯಾಗಿದೆ. ಇದನ್ನು ನೋಡ್ತಾ ಹೇಗೆ ಕೂತಿರಲಿ?"

ಒಂದು ಗಿಂಡಿ ನೀರು ಹಿಡಿದು ಅವಳು ಹೊರಟಳು.

ಭವನದ ಹೆಬ್ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ ಕೂತಿತ್ತು. ಅದರ ಸುತ್ತ ಕಲ್ಲಾದ ಪಂಡಿತರು. ಮುಂದೆ ದೊಡ್ಡ ತಕ್ಕಡಿ.

"ಅಂಗಳದ ಧಾತುಗಳನ್ನು ಸಾಲಾಗಿ ನಿಲ್ಲಿಸು. ತಪ್ಪಿದರೆ ಕಲ್ಲಾಗುವೆ" ಎಂದಿತು ಯಾಳಿ.

ಪದುಮಲೆ ಮೊದಲು ಆರ್ಗಾನನ್ನೂ ಪೊಟ್ಯಾಸಿಯಮನ್ನೂ ತೂಗಿದಳು. ಆರ್ಗಾನಿನ ತೂಕವೇ ಒಂದಿಷ್ಟು ಹೆಚ್ಚು. ತಕ್ಕಡಿಯ ಮಾತು ಕೇಳಿದರೆ ಅದು ಪೊಟ್ಯಾಸಿಯಂ ಆದಮೇಲೆ ನಿಲ್ಲಬೇಕು. ಆದರೆ ಅವಳು ಗಂಟೆಗಾರನ ಮಗಳು. ಗಂಟೆಯ ಗುಣ ತೂಕದಲ್ಲಿಲ್ಲ, ಒಳಗಿನ ನಾದದಲ್ಲಿದೆ ಎಂದು ಬಲ್ಲವಳು. ಅವಳು ಆರ್ಗಾನಿನ ಎದೆಗೆ ಕಿವಿಯಿಟ್ಟಳು. ಅದು ಹದಿನೆಂಟು ಸಲ ಮಿಡಿದು ನಿಂತಿತು. ಪೊಟ್ಯಾಸಿಯಂ ಹತ್ತೊಂಬತ್ತು ಸಲ ಮಿಡಿಯಿತು. ಅವಳು ಓಡೋಡಿ ಒಂದೊಂದರ ಎದೆಯನ್ನೂ ಆಲಿಸಿದಳು. ಜಲಜನಕದ್ದು ಒಂದೇ ಮಿಡಿತ, ಹೀಲಿಯಂನದು ಎರಡು, ಚಿನ್ನದ್ದು ಎಪ್ಪತ್ತೊಂಬತ್ತು. ಯಾವ ಎರಡರ ಎಣಿಕೆಯೂ ಒಂದೇ ಆಗಿರಲಿಲ್ಲ!

ಮಿಡಿತದ ಲೆಕ್ಕದಲ್ಲಿ ಅವನ್ನು ನಿಲ್ಲಿಸುತ್ತ ಬಂದಳು. ಏಳು ಮಿಡಿತದ ಸಾರಜನಕ ಆದಮೇಲೆ ಒಂಬತ್ತು ಮಿಡಿತದ ಫ್ಲೋರಿನ್ ಸಿಕ್ಕಿತು. ಎಂಟರದ್ದು ಎಲ್ಲೂ ಇರಲಿಲ್ಲ. ಅವಳು ಅಲ್ಲಿ ಒಂದು ಜಾಗ ಬಿಟ್ಟಳು.

"ಜಾಗ ಯಾಕೆ ಬಿಟ್ಟೆ?" ಎಂದಿತು ಯಾಳಿ.

"ಅಲ್ಲಿಗೆ ಬರಬೇಕಾದವರು ಒಬ್ಬರಿದ್ದಾರೆ."

ಯಾಳಿ ಎದ್ದು ದಾರಿ ಕೊಟ್ಟಿತು.

ಧಾತುಗಳ ಸಾಲು ಅವಳ ಹಿಂದೆಯೇ ಒಳಗೆ ಬಂತು. ಅಲ್ಲಿ ಮೆಟ್ಟಿಲ ಮೇಲೆ ಏಳು ಹೆಡೆಯ ಸರ್ಪ ಮಲಗಿತ್ತು. "ಸಾಲು ಒಂದು, ಅಂತಸ್ತು ಏಳು. ಸಾಲು ಎಲ್ಲೆಲ್ಲಿ ಮುರಿಯಬೇಕು ಹೇಳು" ಎಂದಿತು.

ಪದುಮಲೆ ಗಿಂಡಿಯಿಂದ ಒಂದೊಂದರ ಮೇಲೂ ಒಂದೊಂದು ಹನಿ ಚಿಮುಕಿಸಿದಳು. ಎರಡನೆಯ ಹೀಲಿಯಂ ಕದಲಲಿಲ್ಲ. ಮೂರನೆಯ ಲಿಥಿಯಂ ಬುಸುಗುಟ್ಟಿತು. ಹತ್ತನೆಯ ನಿಯಾನ್ ಕದಲಲಿಲ್ಲ. ಹನ್ನೊಂದನೆಯ ಸೋಡಿಯಂ ಕುಣಿದಾಡಿತು. ಹದಿನೆಂಟನೆಯ ಆರ್ಗಾನ್ ಕದಲಲಿಲ್ಲ. ಹತ್ತೊಂಬತ್ತನೆಯ ಪೊಟ್ಯಾಸಿಯಂ ನೇರಳೆ ಬಣ್ಣದ ಮಿಂಚಾಗಿ ಸಿಡಿಯಿತು.

"ಗುಣ ತಿರುಗಿ ತಿರುಗಿ ಬರ್ತಾ ಇದೆ!" ಎಂದು ಅವಳು ಕೂಗಿದಳು. "ಮೌನಿ ನಿಂತಲ್ಲಿ ಅಂತಸ್ತು ಮುಗೀತು. ಸಿಡುಕ ಬಂದಲ್ಲಿ ಹೊಸದು ಶುರು."

ಸರ್ಪ ಸರಿದು ನಿಂತಿತು. ಧಾತುಗಳು ತಾವಾಗಿಯೇ ನಡೆದುಹೋಗಿ ಕೋಣೆ ಸೇರಿದವು. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಎರಡೇ ಕೋಣೆ. ಅದರ ಕೆಳಗೆ ಎಂಟು, ಮತ್ತೆ ಎಂಟು, ಆಮೇಲೆ ಹದಿನೆಂಟು ಹದಿನೆಂಟು, ತೀರ ಕೆಳಗಿನ ಎರಡರಲ್ಲಿ ಮೂವತ್ತೆರಡು ಮೂವತ್ತೆರಡು. ಪದುಮಲೆ ತಲೆಯೆತ್ತಿ ನೋಡಿದಳು. ಎಡಗೋಡೆಗೆ ಸಿಡುಕರೆಲ್ಲ ಒಬ್ಬರ ಕೆಳಗೊಬ್ಬರು, ಬಲಗೋಡೆಗೆ ಮೌನಿಗಳೆಲ್ಲ ಒಬ್ಬರ ಕೆಳಗೊಬ್ಬರು. ನಡುವೆ ತಾಮ್ರ, ಅದರ ಕೆಳಗೆ ಬೆಳ್ಳಿ, ಅದರ ಕೆಳಗೆ ಚಿನ್ನ. ಹುಟ್ಟಿದಾಗಿನಿಂದ ಅಪ್ಪನ ಕುಲುಮೆಯಲ್ಲಿ ಕಂಡ ಲೋಹಗಳು ಒಂದೇ ಮನೆತನದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅವಳು ಸುಮ್ಮನೆ ಕೈ ಮುಗಿದಳು.

ಮೇಲಿನಿಂದ ಎರಡನೆಯ ಅಂತಸ್ತಿನಲ್ಲಿ ಒಂದು ಕೋಣೆ ಖಾಲಿಯಿತ್ತು. ಅವಳು ಮೆಟ್ಟಿಲು ಹತ್ತಿ ಹೋದರೆ, ಅದರ ಬಾಗಿಲಲ್ಲಿ ಕಲಬೆರಕ ನಿಂತಿದ್ದ. ಅವನ ಮುಂದೆ ನೂರು ಗಾಜಿನ ಕುಪ್ಪಿಗಳು. ಎಲ್ಲವೂ ಬರಿದಾಗಿ ಕಾಣುತ್ತಿದ್ದವು.

"ಇದರಲ್ಲಿ ಒಂದರೊಳಗೆ ಎಂಟನೆಯದಿದೆ, ಉಳಿದದ್ದು ಬರೀ ಮಾಯೆ" ಎಂದು ಅವನು ನಕ್ಕ. "ಬೇರೆ ಕುಪ್ಪಿ ಮುಟ್ಟಿದೆಯೋ, ಕಲ್ಲಾದೆ. ಕಾಣದ ಧಾತುವನ್ನು ಹೇಗೆ ಗುರುತಿಸ್ತೀಯೆ?"

"ಅಕ್ಕಪಕ್ಕದವರನ್ನು ಕೇಳ್ತೀನಿ."

ಅವಳು ನೆರೆಯ ಬಾಗಿಲುಗಳನ್ನು ತಟ್ಟಿದಳು. "ಜಲಜನಕ ಬಂದರೆ ನೀವು ಎಷ್ಟು ಕೈ ಚಾಚ್ತೀರಿ?"

ಇಂಗಾಲ ನಾಲ್ಕು ಕೈ ತೋರಿಸಿತು. ಸಾರಜನಕ ಮೂರು ತೋರಿಸಿತು. ಖಾಲಿ ಕೋಣೆಯ ಆಚೆಯ ಫ್ಲೋರಿನ್ ಒಂದು ತೋರಿಸಿತು. ಖಾಲಿ ಕೋಣೆಯ ನೇರ ಕೆಳಗಿದ್ದ ಗಂಧಕ ಎರಡು ಕೈ ಎತ್ತಿತು.

"ಹಾಗಾದರೆ ನನಗೆ ಬೇಕಾದವರಿಗೆ ಎರಡು ಕೈ" ಎಂದಳು ಪದುಮಲೆ.

ಮೇಲಿನ ಅಂತಸ್ತಿನಿಂದ ಜಲಜನಕ ತನ್ನ ಎರಡು ಕಣಗಳನ್ನು ಅವಳ ಅಂಗೈಗೆ ಇಳಿಬಿಟ್ಟಿತು. ಅವುಗಳನ್ನು ಹಿಡಿದು ಅವಳು ಕುಪ್ಪಿಗಳ ಮುಂದೆ ನಿಧಾನವಾಗಿ ನಡೆದಳು. ಹತ್ತು ದಾಟಿದಳು, ಮೂವತ್ತು ದಾಟಿದಳು. ಅರವತ್ತಮೂರನೆಯ ಕುಪ್ಪಿಯ ಮುಂದೆ ಕಣಗಳು ಚಂಗನೆ ಹಾರಿದವು. ಗಾಜಿನೊಳಗಿಂದ ಎರಡು ಕೈ ಹೊರಬಂದು ಒಂದೊಂದನ್ನು ಹಿಡಿದುಕೊಂಡವು. ಗಾಜಿನ ಮೇಲೆ ಒಂದು ಹನಿ ನೀರು ಮೂಡಿತು.

ಪದುಮಲೆ ಆ ಕುಪ್ಪಿಯ ಬಿರಡೆ ಕಿತ್ತಳು.

ಆಮ್ಲಜನಕ ತನ್ನ ಕೋಣೆ ಹೊಕ್ಕಿತು. ಭವನದ ಬಾಗಿಲುಗಳೆಲ್ಲ ಒಟ್ಟಿಗೆ ಹೊಳೆದವು. ಕಲಬೆರಕನ ರಕ್ತದಿಂದ ಕಬ್ಬಿಣ ಹೊರಟು ತನ್ನ ಕೋಣೆಗೆ ಹೋಯಿತು. ಮೂಳೆಯಿಂದ ಕ್ಯಾಲ್ಸಿಯಂ ಹೊರಟಿತು, ಮಾಂಸದಿಂದ ಇಂಗಾಲ ಹೊರಟಿತು. "ನನ್ನದು! ಅದು ನನ್ನದು!" ಎಂದು ಕಿರುಚುತ್ತಲೇ ಅವನು ಇಲ್ಲವಾದ. ನೆಲದ ಮೇಲೆ ಅವನ ನಿಲುವಂಗಿಯೊಂದೇ ಉಳಿಯಿತು.

ಕಲ್ಲಾದ ಪಂಡಿತರು ಕಣ್ಣು ಬಿಟ್ಟರು. ಬೊಮ್ಮೋಜ ಎದೆ ತುಂಬ ಉಸಿರೆಳೆದು ಎದ್ದು ಕೂತು, "ಹಸಿವಾಗ್ತಿದೆ" ಎಂದ. ಮಣಿಸಾಲನ್ನು ಆಳುತ್ತಿದ್ದ ರಾಣಿ ಪದುಮಲೆಯನ್ನು ಭವನದ ಒಡತಿಯನ್ನಾಗಿ ಮಾಡಿದಳು. ಪದುಮಲೆ ಯಾರು ಬಂದರೂ ಒಳಗೆ ಕರೆದು, ಒಂದೊಂದೇ ಬಾಗಿಲು ತೋರಿಸುತ್ತಿದ್ದಳು. ತೀರ ಕೆಳಗಿನ ಏಳನೆಯ ಅಂತಸ್ತಿನ ಕೊನೆಯ ಕೋಣೆಯ ಆಚೆ ಇನ್ನೂ ಕೆಳಗಿಳಿಯುವ ಮೆಟ್ಟಿಲುಗಳಿದ್ದವು. ಅಲ್ಲಿ ಯಾರಿದ್ದಾರೆಂದು ಅವಳಿಗೂ ತಿಳಿಯದು. ಬಂದವರೆಲ್ಲ ಆ ಮೆಟ್ಟಿಲ ಬಳಿ ಬಗ್ಗಿ ಕೆಳಗೆ ಇಣುಕಿ ನೋಡುತ್ತಿದ್ದರು.

ಮಣಿಸಾಲಿನವರು ನೂರು ಕಾಲ ನೆಮ್ಮದಿಯಿಂದ ಉಸಿರಾಡಿಕೊಂಡು ಬಾಳಿದರು. ಕತೆ ಕೇಳಿದವರೂ ಹಾಗೆಯೇ ಬಾಳಲಿ.