ಜಾಗ ಬದಲಿಸಿದ ಗೀರು

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಎಂಥದ್ದೆಂದರೆ, ಬರೆದುಕೊಳ್ಳಲು ಕೂತ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರ್ ಮೇಡಂ ಮುಖ ನೋಡಿದ. ಅವನಿಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು. ಬಾಯಿ ಮುಚ್ಚಿದ್ದೇ ಅಪರೂಪ, ಅಂದು ಮುಚ್ಚಿತ್ತು.

ದೂರು ತಂದವಳು ಹೊಲಿಗೆ ಕೆಲಸದ ಹೆಂಗಸು. "ನಮ್ಮಕ್ಕನ ಎದೆಯ ಕ್ಯಾನ್ಸರ್ ಗಂಟು ಕರಗ್ತಾ ಇದೆ ಮೇಡಂ. ಅದಕ್ಕೇ ಭಯ."

"ಕರಗಿದ್ರೆ ಒಳ್ಳೇದಲ್ವೇನಮ್ಮಾ?" ಎಂದರು ಇನ್‌ಸ್ಪೆಕ್ಟರ್.

"ಈಗ ಬೆನ್ನೆಲುಬಿಗೆ ಬಂದಿದೆ. ಸ್ಕ್ಯಾನಲ್ಲಿ ಕಾಣ್ತಿದೆ. ಆಸ್ಪತ್ರೆ ಔಷಧಿ ಬಿಟ್ಬಿಡು, ನನ್ನ ಇಂಜೆಕ್ಷನ್ ಸಾಕು ಅಂದ್ರು ಆ ಸಂಶೋಧನಾಲಯದ ಪ್ರೊಫೆಸರು. ಅಕ್ಕನಿಗೆ ಅವರೇ ದೇವರು. ಶುಕ್ರವಾರ ಮತ್ತೆ ಚುಚ್ಚಿಸ್ಕೋತಾಳಂತೆ. ಬೇಡ ಕಣೇ ಅಂದ್ರೆ, ನಾನು ಬದುಕೋದು ನಿಂಗೆ ಇಷ್ಟ ಇಲ್ವಾ ಅಂತಾಳೆ."

ಇನ್‌ಸ್ಪೆಕ್ಟರ್ ಅಕ್ಕನ ಹಳೆಯ ವೈದ್ಯೆಗೆ ಫೋನ್ ಮಾಡಿದರು. ವೈದ್ಯೆ ಬಿಡಿಸಿ ಹೇಳಿದರು: ಆ ಇಂಜೆಕ್ಷನ್ ಒಂದು ಜೀನನ್ನು ಸುಮ್ಮನಾಗಿಸುವಂಥದ್ದು. ಜೀನ್ ಅಂದರೆ ಜೀವಕೋಶದೊಳಗೆ ಇರುವ ಆಜ್ಞೆ. ಅದು ಜಾರಿಯಾಗದಂತೆ ತಡೆಯುವುದಕ್ಕೇ ಜೀನನ್ನು ಸುಮ್ಮನಾಗಿಸುವುದು ಎನ್ನುತ್ತಾರೆ. ವಿದ್ಯೆ ನಿಜವಾದದ್ದೇ. ಆದರೆ ಈ ಪ್ರೊಫೆಸರರ ಇಂಜೆಕ್ಷನ್ನನ್ನು ಮನುಷ್ಯರಿಗೆ ಕೊಡಲು ಯಾರೂ ಅನುಮತಿ ಕೊಟ್ಟಿಲ್ಲ.

ಅಷ್ಟು ಸಾಕಾಯಿತು. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್, ರೇಡಿಯೋ ಮತ್ತು ಸಾಕ್ಷಿಗೆಂದು ಇಬ್ಬರು ಪಂಚರು ಸಂಶೋಧನಾಲಯದಲ್ಲಿದ್ದರು.

ಪ್ರೊಫೆಸರರ ಕೋಟಿನ ಇಸ್ತ್ರಿ ಮುರಿದಿರಲಿಲ್ಲ. ಮದುವೆಗೆ ಬಂದ ನೆಂಟರನ್ನು ಕರೆದಂತೆ ನಗುನಗುತ್ತಾ ಒಳಗೆ ಕರೆದರು. ಗೋಡೆಯ ಮೇಲೆ ಕಟ್ಟು ಹಾಕಿದ ಎರಡು ದೊಡ್ಡ ಚಿತ್ರಗಳು: ಒಬ್ಬ ಹೆಂಗಸಿನ ಬರೀ ಎದೆ, ಪಕ್ಕದಲ್ಲಿ ಅಳತೆಪಟ್ಟಿ. ಮೊದಲಿನದರಲ್ಲಿ ಗಂಟು ದೊಡ್ಡದು, ಎರಡನೆಯದರಲ್ಲಿ ಚಿಕ್ಕದು. ಮುಖ ಇಲ್ಲ.

"ಯಾರಿವರು?"

"ಅದೇ, ನೀವು ಕೇಳಿಕೊಂಡು ಬಂದಿರೋರು. ಎಷ್ಟು ಚೆನ್ನಾಗಿ ಬಂದಿದೆ ನೋಡಿ!"

ಇನ್‌ಸ್ಪೆಕ್ಟರಿಗೆ ಥೂ, ಇವರದೂ ಒಂದು ಬಾಳೇ ಎನ್ನಿಸಿತು. ಕೊಳೆತ ಹೆಣ ಎತ್ತಿಸುವಾಗಲೂ ಮೂಗು ಮುಚ್ಚದವರು ಈಗ ಕರವಸ್ತ್ರ ತೆಗೆದರು. ಫ್ರಿಜ್‌ನಲ್ಲಿದ್ದ ಇಂಜೆಕ್ಷನ್ ಸೀಸೆಗಳು, ಕಂಪ್ಯೂಟರು, ಆ ಎರಡು ಚಿತ್ರಗಳು ಪಂಚನಾಮೆಗೆ ಸೇರಿದವು.

"ಬೆನ್ನಿಗೆ ಹೇಗೆ ಹೋಯ್ತು ಸಾರ್?"

"ಅದು ಮೊದಲೇ ಇದ್ದಿರಬೇಕು. ನಾನು ಸುಮ್ಮನಾಗಿಸೋ ಜೀನ್ ಇಲ್ಲದೆ ಕ್ಯಾನ್ಸರ್ ಕೋಶ ಬೆಳೆಯೋದೂ ಇಲ್ಲ, ಅಲುಗಾಡೋದೂ ಇಲ್ಲ. ಪುರಾವೆ ಇದೆ."

ಪುರಾವೆಯನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಗಾಜಿನ ತಟ್ಟೆಯ ತಳದಲ್ಲಿ ಕ್ಯಾನ್ಸರ್ ಕೋಶಗಳನ್ನು ಹಾಸಿನಂತೆ ಬೆಳೆಸಿ, ಇಂಜೆಕ್ಷನ್ನಿನ ಮದ್ದು ಹಾಕಿ, ನಡುವೆ ಚೂಪಾದ ತುದಿಯಿಂದ ಗೀರು ಎಳೆಯುವುದು ಅವರ ಕ್ರಮ. ಚಿತ್ರ ತೆಗೆದಿಟ್ಟು, ಮರುದಿನ ಅದೇ ಜಾಗದ ಚಿತ್ರ ಮತ್ತೆ ತೆಗೆಯುತ್ತಾರೆ. ಕೋಶಗಳು ಓಡಾಡುವಂಥವಾದರೆ ಗೀರನ್ನು ತುಂಬಿಬಿಡುತ್ತವೆ. ಇಲ್ಲಿ ಎರಡೂ ಚಿತ್ರದಲ್ಲಿ ಗೀರು ಬಾಯಿ ತೆರೆದುಕೊಂಡೇ ಇತ್ತು.

"ಈ ಕಪ್ಪು ಚುಕ್ಕೆ ಏನು?"

"ತಟ್ಟೆ ಅಡಿಯಲ್ಲಿ ಪೆನ್ನಿನ ಗುರುತು. ಮರುದಿನ ಜಾಗ ತಪ್ಪಬಾರದಲ್ಲ."

ಅಪಘಾತ ನಡೆದ ರಸ್ತೆಯಲ್ಲಿ ಸೀಮೆಸುಣ್ಣದ ಗುರುತಿಟ್ಟು ಫೋಟೋ ತೆಗೆಸುವುದು ಇನ್‌ಸ್ಪೆಕ್ಟರಿಗೆ ಅನ್ನ ತಿಂದಷ್ಟೇ ರೂಢಿ. ಪರದೆಗೆ ಮುಖ ಹತ್ತಿರ ತಂದರು.

"ಮೊದಲ ಚಿತ್ರದಲ್ಲಿ ಚುಕ್ಕೆ ಪಕ್ಕದಲ್ಲಿದ್ದ ಗೀರು ಮರುದಿನದ್ದರಲ್ಲಿ ಚುಕ್ಕೆ ಮೇಲೇ ಹಾದುಹೋಗಿದೆ. ಗೀರು ತುಂಬಬಹುದು, ತುಂಬದೇ ಇರಬಹುದು. ಎದ್ದು ನಡೆಯುತ್ತಾ?"

ಪ್ರೊಫೆಸರು ಕೈ ಒರೆಸಿಕೊಂಡರು. ಒದ್ದೆಯೇ ಇರಲಿಲ್ಲ.

"ಮೊದಲಿನ ಗೀರು ಏನಾಯ್ತು?"

"ತುಂಬಿಹೋಗಿತ್ತು."

"ಇಂಜೆಕ್ಷನ್ ಹಾಕದ ತಟ್ಟೆಗಿಂತ ನಿಧಾನವಾಗಿಯಾ, ಬೇಗಾನಾ?"

"ಬೇಗ." ದನಿ ಇಳಿಯಿತು. "ಬೆಳಿ ಅನ್ನೋದೂ ಆ ಜೀನೇ, ಪಕ್ಕದವರನ್ನ ಹಿಡ್ಕೊಂಡಿರು ಅನ್ನೋದೂ ಆ ಜೀನೇ. ಅದನ್ನ ಸುಮ್ಮನಾಗಿಸಿದ್ರೆ ಗಂಟು ಚಿಕ್ಕದಾಗುತ್ತೆ. ಆದ್ರೆ ಕೋಶಗಳು ಕೈ ಬಿಡಿಸ್ಕೊಂಡು ಹೊರಡ್ತವೆ."

"ಅದಕ್ಕೇ ಹೊಸ ಗೀರು ಎಳೆದು ಫೋಟೋ ತೆಗೆದ್ರಿ. ಇದು ಗೊತ್ತಾದ ಮೇಲೂ ಆ ತಾಯಿಗೆ ಚುಚ್ಚಿದ್ರಿ."

"ಆಕೆ ಹೇಗೂ..." ಎಂದು ಶುರು ಮಾಡಿದವರು ರೇಡಿಯೋನ ಮುಖ ನೋಡಿ ನಿಲ್ಲಿಸಿದರು.

ಸಂಜೆಯೇ ಬಂಧನವಾಯಿತು. ಆ ಅಕ್ಕನಿಂದ ಪ್ರೊಫೆಸರು ಬಿಡಿಗಾಸೂ ಪಡೆದಿರಲಿಲ್ಲ. ತಮ್ಮ ಇಡೀ ವಯಸ್ಸನ್ನು ಆ ಒಂದು ಜೀನಿಗೆ ಸುರಿದಿದ್ದರು. ದೊಡ್ಡ ಸಭೆಯಲ್ಲಿ ಗೆದ್ದೆನೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ. ಕಳ್ಳನಿಗೆ ಹಸಿವಾದರೂ ಇರುತ್ತದೆ, ಇವರಿಗೆ ಅದೂ ಇರಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರಿಗೆ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಬಂದಳು, ತಂಗಿಯ ಹೆಗಲು ಹಿಡಿದು. ಕೂರಲಿಲ್ಲ. "ಅವರನ್ನ ಬಿಟ್ಬಿಡಿ ಮೇಡಂ. ನಾಳೆ ನನ್ನ ಇಂಜೆಕ್ಷನ್ ಇದೆ."

ಇನ್‌ಸ್ಪೆಕ್ಟರ್ ಏನೂ ವಾದಿಸದೆ ಲಾಕಪ್ ಮುಂದೆ ಕರೆದೊಯ್ದರು. "ಹೇಳಿ ಇವರಿಗೆ. ನೀವೇ ಹೇಳಿ."

ಪ್ರೊಫೆಸರು ಹೇಳಿದರು. ನೆಲ ನೋಡಿಕೊಂಡು, ಆದರೆ ಎಲ್ಲವನ್ನೂ ಹೇಳಿದರು.

ಅಕ್ಕ ಮುಂದೆ ಬಂದು ಸರಳು ಹಿಡಿದಳು. "ಬೆನ್ನು ನೋವು ಅಂದಾಗ ಹಾಸಿಗೆ ಸರಿಯಿಲ್ಲ, ಬದಲಾಯಿಸಮ್ಮ ಅಂದ್ರಲ್ಲ ಸಾರ್. ಇವಳನ್ನ ರಾತ್ರಿಯೆಲ್ಲ ಕೂರಿಸಿ ಹೊಸಾದು ಹೊಲಿಸಿದೆ." ಆಮೇಲೆ ತಂಗಿಯ ಕಡೆ ತಿರುಗಿದಳು. "ನಡಿ ಕಣೇ, ಆಸ್ಪತ್ರೆಗೆ."

ಬೆನ್ನಿಗೆ ಬಂದದ್ದನ್ನು ಅಲ್ಲೇ ತಡೆದು ನಿಲ್ಲಿಸಲು ಇನ್ನೂ ನೋಡಬಹುದು, ಎದೆಯಲ್ಲೇ ಇದ್ದಾಗಿನ ಮಾತು ಬೇರೆಯಿತ್ತು ಎಂದು ವೈದ್ಯೆ ಹೇಳಿದ್ದರು. ಇನ್‌ಸ್ಪೆಕ್ಟರ್ ಜೀಪು ಕೊಟ್ಟು ಕಳಿಸಿದರು.

ಅಕ್ಕತಂಗಿಯರು ಬಾಗಿಲು ದಾಟುತ್ತಿದ್ದಂತೆ ಪ್ರೊಫೆಸರು ಸರಳಿನ ಹತ್ತಿರ ಬಂದರು.

"ಮೇಡಂ, ಆಸ್ಪತ್ರೇಲಿ ಗಂಟಿನ ಅಳತೆ ತಗೋತಾರಲ್ಲ, ಎಷ್ಟಾಗಿದೆ ಅಂತ ನಂಗೂ ಒಂದು ಮಾತು ಹೇಳ್ತೀರಾ?"

ಇನ್‌ಸ್ಪೆಕ್ಟರ್ ಹಿತ್ತಲ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡರು.