ರೊಟ್ಟಿ ಕೇಂದ್ರದ ನಾಲ್ಕು ಬ್ಯಾಟರಿ

ಸೋಮವಾರ ಬೆಳಿಗ್ಗೆ ಏಳೂವರೆಗೆ ಹೊಸಪೇಟೆ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಮೊಣಕೈವರೆಗೂ ಜೋಳದ ಹಿಟ್ಟು ಅಂಟಿತ್ತು. ಬರೆಯುವ ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೆಬಲ್ ಗುಡ್ಡಪ್ಪ ಚಹಾದ ಲೋಟ ಕೆಳಗಿಟ್ಟರು.

"ಕುಂದ್ರಬೇ. ಏನಾತು?"

"ನಿಂತ ಹೇಳ್ತೀನ್ರಿ. ನಾನು ಯಲ್ಲಕ್ಕ, ಪಾಪಿನಾಯಕನಹಳ್ಳಿ ರೊಟ್ಟಿ ಕೇಂದ್ರದ ಅಧ್ಯಕ್ಷಿ. ನಮ್ಮ ಸೋಲಾರ್ ಬ್ಯಾಟರಿ ಕಳವಾಗ್ಯಾವ."

"ಎಷ್ಟು?"

"ಇದ್ದದ್ದ ನಾಕು. ನಾಕೂ ಹೋಗ್ಯಾವ."

"ಯಾರ ಮ್ಯಾಲರ ಅನುಮಾನ?"

"ಅನುಮಾನ ಪಡೋದು ನಿಮ್ಮ ಕೆಲಸ ಅಲ್ಲೇನ್ರಿ? ಅದನ್ನೂ ನಾನ ಮಾಡಿದ್ರ ನೀವೇನು ಮಾಡ್ತೀರಿ?"

ಒಳಗಿನ ಕೋಣೆಯಲ್ಲಿದ್ದ ಪಿಎಸ್‌ಐ ಸುಕನ್ಯಾ ಈ ಮಾತು ಕೇಳಿ ಹೊರಗೆ ಬಂದರು. ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವರ ಮಗಳು ಅವರು. ಠಾಣೆಗೆ ಬಂದು ವರ್ಷ ತುಂಬಿರಲಿಲ್ಲ. ಯಲ್ಲಕ್ಕನನ್ನು ಎದುರಿಗೆ ಕೂರಿಸಿಕೊಂಡು ತಾವೇ ಕೇಳತೊಡಗಿದರು.

ಕೇಂದ್ರದಲ್ಲಿ ಹದಿನಾಲ್ಕು ಹೆಂಗಸರು. ಯಶವಂತನಗರದ ಗಣಿ ಕ್ಯಾಂಟೀನಿಗೆ ಬಿಸಿ ರೊಟ್ಟಿ ಕಳಿಸುತ್ತಾರೆ. ಬೆಳಗಿನ ಬಸ್ಸಿಗೆ ಕೊಡಬೇಕೆಂದರೆ ಕೋಳಿ ಕೂಗುವ ಮೊದಲೇ ಒಲೆ ಹಚ್ಚಬೇಕು, ಆ ಹೊತ್ತಿಗೆ ಊರಲ್ಲಿ ಕರೆಂಟು ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಆ ಹೊತ್ತಿನಲ್ಲಿ ದೀಪ, ಫ್ಯಾನು, ಹಿಟ್ಟು ನಾದುವ ಮಷೀನು ನಡೆಸುತ್ತಿದ್ದರು. ಎರಡು ತಿಂಗಳಿಂದ ಬ್ಯಾಟರಿ ಸೋತಿದ್ದವು. ಅರ್ಧ ಹಿಟ್ಟು ನಾದುವಷ್ಟರಲ್ಲಿ ಮಷೀನು ನಿಲ್ಲುತ್ತಿತ್ತು.

"ವಾರಂಟಿ ಇನ್ನೂ ಐತ್ರಿ. ಬುಧವಾರ ಕಂಪನಿ ಎಂಜಿನಿಯರ್ ನೋಡಾಕ ಬರ್ತಾರ. ಬ್ಯಾಟರಿ ಹುಟ್ಟಿನಿಂದ ಕೆಟ್ಟಿದ್ದು ಅಂದ್ರ ಹೊಸವು ಕೊಡ್ತಾರ. ಈಗ ಏನು ತೋರಸ್ಲಿ? ಖಾಲಿ ಕಟ್ಟಿ ತೋರಸ್ಲೇನು?"

"ಬ್ಯಾಟರಿ ಇಲ್ದಿದ್ರ?"

"ಒಂದು ವಾರ ರಟ್ಟಿ ಮ್ಯಾಲ ನಡಸ್ತೀವ್ರಿ. ಆಮ್ಯಾಲ ಆ ಆರ್ಡರು ಬ್ಯಾರೆಯವ್ರಿಗೆ ಹೋಗ್ತೈತಿ. ಕ್ಯಾಂಟೀನಿನವ್ರು ಕಾಯಂಗಿಲ್ಲ."

ಎಂಟು ಗಂಟೆಗೆ, ಬೀಗ ಮುರಿದು ಕಳವು ಮಾಡಿದ ಬಗ್ಗೆ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿಯನ್ನು ಕೈಗೆ ಕೊಟ್ಟಾಗ ಯಲ್ಲಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು.

ಪೊಲೀಸ್ ಜೀಪು ಊರು ಮುಟ್ಟುವಾಗ ಅಂದಿನ ರೊಟ್ಟಿ ಆಗಲೇ ಬಸ್ಸು ಹತ್ತಿತ್ತು. ಹೆಂಗಸರು ಮೊಬೈಲಿನ ಬೆಳಕಲ್ಲಿ ಕೈಯಿಂದಲೇ ಹಿಟ್ಟು ನಾದಿ ತಟ್ಟಿದ್ದರು. ಕರೆಮ್ಮನೆಂಬ ಹಿರಿಯಳು ಕಟ್ಟೆಯ ಮೇಲೆ ಕೂತು ಭುಜ ಒತ್ತಿಕೊಳ್ಳುತ್ತಿದ್ದಳು.

"ಒಂದು ರೊಟ್ಟಿ ಕಡಿಮಿ ಆಗಿಲ್ರಿ ಮೇಡಂ. ಬೇಕಾದ್ರ ಡ್ರೈವರ್ನ ಕೇಳ್ರಿ. ಲೇಟಾಗೇತಿ, ಅದು ಖರೆ."

ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಎಂಟು ಸೋಲಾರ್ ಹಲಗೆಗಳಿದ್ದವು. ಒಂದರ ಮೇಲೂ ಧೂಳಿರಲಿಲ್ಲ. ಗಣಿಯ ಕೆಂಪು ಮಣ್ಣು ಬೇರೆಲ್ಲ ಮಾಳಿಗೆಗಳ ಮೇಲೆ ಕೂತಿತ್ತು. ಇಲ್ಲಿ ಮಾತ್ರ ದಿನಾ ಯಾರೋ ಒಬ್ಬಳು ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ ಎಂದು ಕರೆಮ್ಮ ಹೇಳಿದಳು. ಊರಿಗೆ ಕರೆಂಟು ಹೋದಾಗ ಜನ ಮೊದಲು ಈ ಕಟ್ಟಡದ ಕಡೆ ನೋಡುತ್ತಾರಂತೆ.

ಸುಕನ್ಯಾ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ಶುರು ಮಾಡಿದರು. ಬೀಗ ಮುರಿದಿತ್ತು. ಬ್ಯಾಟರಿಯ ಮರದ ಕಟ್ಟೆ ಖಾಲಿ ಇತ್ತು. ಗೋಡೆಯ ಮೇಲೆ ಹಲಗೆಯಿಂದ ಬರುವ ಕರೆಂಟಿನ ಸ್ವಿಚ್ಚು ಕೆಳಗಿತ್ತು. ತಂತಿಗಳನ್ನು ಯಾರೂ ಕತ್ತರಿಸಿರಲಿಲ್ಲ. ನಟ್ಟು ಬಿಚ್ಚಿ, ಪ್ರತಿ ತುದಿಗೂ ಕಪ್ಪು ಟೇಪು ಸುತ್ತಿ, ಗೋಡೆಗೆ ಒರಗಿಸಿ ಇಟ್ಟಿದ್ದರು. ನೆಲದ ಮೇಲೆ ಆಸಿಡ್ಡಿನ ಒಂದು ಹನಿಯೂ ಇರಲಿಲ್ಲ.

"ಭಾಳ ಮರ್ಯಾದಸ್ಥ ಕಳ್ಳ," ಎಂದರು ಗುಡ್ಡಪ್ಪ.

"ಇದೆಲ್ಲ ತಿಳಿದೋರು ಯಾರದಾರ ಊರಾಗ?" ಸುಕನ್ಯಾ ಕೇಳಿದರು.

"ಕೊಟ್ರಯ್ಯ ಅದಾನಲ್ರಿ. ಕೂಡ್ಸಿದವನೂ ಅವನ, ನೋಡ್ಕೊಳ್ಳಾವನೂ ಅವನ," ಎಂದಳು ಯಲ್ಲಕ್ಕ.

ಹೇಳಿಕಳಿಸಿದ ಸ್ವಲ್ಪ ಹೊತ್ತಿಗೆ ಕೊಟ್ರಯ್ಯ ಹಳೆಯ ಬೈಕಿನಲ್ಲಿ ಬಂದ. ದಾರಿಗೆ ಅಡ್ಡ ಮಲಗಿದ್ದ ಎಮ್ಮೆಗೆ ಬಾಯಲ್ಲೇ "ಹೋಯ್, ಏಳ್" ಎಂದು ಗದರಿಸಿ ಎಬ್ಬಿಸಿದ. ನಲವತ್ತು ದಾಟಿದ ಆಳು, ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಟೆಸ್ಟರು. ಅವನು ಒಳಗೆ ಬಂದಾಗ ಹೆಂಗಸರು ತಾವಾಗಿಯೇ ಸರಿದು ದಾರಿ ಬಿಟ್ಟರು. ಸುತ್ತ ಆರೇಳು ಹಳ್ಳಿಗೆ ಅವನು 'ಸೋಲಾರ್ ಕೊಟ್ರಯ್ಯ'. ಹಂಪಿಗೆ ಬರುವ ಪ್ರವಾಸಿಗರು ಇಳಿಯುವ ತೋಟದ ಮನೆಗಳಲ್ಲೂ ಅವನೇ ಹಲಗೆ ಕೂಡಿಸಿದ್ದ.

"ಇದು ಹೆಂಗ ನಡೀತೈತಿ, ಹೇಳ್ರಿ," ಎಂದರು ಸುಕನ್ಯಾ.

ಕೊಟ್ರಯ್ಯ ಗಂಟಲು ಸರಿಮಾಡಿಕೊಂಡ. ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

"ಬಿಸಿಲು ಬಿತ್ತಂದ್ರ ಹಲಗ್ಯಾಗ ಕರೆಂಟು ಹುಟ್ತೈತ್ರಿ. ಕಾವಿಗಲ್ಲ, ಬೆಳಕಿಗೆ. ಭಾಳ ಕಾವಾದ್ರ ಉಲ್ಟಾ ಕಡಿಮಿ ಕೊಡ್ತೈತಿ. ಅಲ್ಲಿಂದ ಈ ಡಬ್ಬಿಗೆ ಬರ್ತೈತಿ, ಇದು ಕಂಟ್ರೋಲರ್ರು. ಮನ್ಯಾಗಿನ ಹಿರೀ ಸೊಸಿ ಇದ್ದಂಗ. ಬ್ಯಾಟರಿಗೆ ಹೊಟ್ಟಿ ತುಂಬಿತಂದ್ರ ಸಾಕು ಅಂತೈತಿ, ಹಸೀತಂದ್ರ ಬಡಸ್ತೈತಿ. ಬ್ಯಾಟರ‍್ಯಾಗಿನ ಕರೆಂಟು ಒಂದ ದಿಕ್ಕಿಗೆ ಹರಿಯೋದು. ಅದನ್ನ ಮಷೀನಿಗೆ ಬೇಕಾದಂಗ ತಿರುವಿ ಕೊಡೋದು ಈ ಇನ್‌ವರ್ಟರ್ರು."

"ಬಿಚ್ಚುವಾಗ ಹಲಗಿ ಸ್ವಿಚ್ಚು ಯಾಕ ಇಳಿಸ್ಯಾರ?"

"ಮೊದ್ಲು ಅದನ್ನ ಇಳಿಸ್ಬೇಕ್ರಿ. ಹಲಗಿ ಚಾಲೂ ಇದ್ದಾಗ ಬ್ಯಾಟರಿ ಕಿತ್ತರ ಕಂಟ್ರೋಲರ್ ಸುಟ್ಟು ಹೋಗಬೋದು."

"ಅಂದ್ರ ಕಳ್ಳಗ ಕಂಟ್ರೋಲರ್ ಮ್ಯಾಲ ಕಾಳಜಿ ಇತ್ತು."

ಸುಕನ್ಯಾ ಗೋಡೆಯ ಗೂಡಿನ ಕಡೆ ನೋಡುತ್ತಿದ್ದರು. ಗೂಡಿನಲ್ಲಿ ಗಾಳೆಮ್ಮ ದೇವಿಯ ಪಟವಿತ್ತು. ಪಟದ ಮುಂದೆ ಕಡಲೆಕಾಳಿನಷ್ಟು ದೊಡ್ಡ ಕೆಂಪು ದೀಪ ಉರಿಯುತ್ತಿತ್ತು.

"ಆ ದೀಪಕ್ಕ ಕರೆಂಟು ಎಲ್ಲಿಂದ?"

"ನಾಕರಾಗ ಒಂದು ಬ್ಯಾಟರಿಯಿಂದ ತಂತಿ ಎಳದೈತ್ರಿ," ಎಂದಳು ಯಲ್ಲಕ್ಕ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಖಾಲಿ ಕಟ್ಟೆಯ ಕಡೆ ಹೊರಳಿತು.

"ಬ್ಯಾಟರಿ ಇಲ್ಲ. ದೀಪ ಐತಿ," ಎಂದರು ಸುಕನ್ಯಾ.

"ಅವ್ವ ತನ್ನ ದೀಪ ತಾನ ಉಳಿಸ್ಕೊಂಡಾಳ ಅಂತ ಯಲ್ಲಕ್ಕ ಠಾಣೆಗೆ ಹೋದಮ್ಯಾಲ ನಾವೆಲ್ಲಾರೂ ಕೈ ಮುಗದೀವ್ರಿ," ಎಂದಳು ಕರೆಮ್ಮ.

ಗುಡ್ಡಪ್ಪ ಚಪ್ಪಲಿ ಕಳಚಿ, ಪಟಕ್ಕೆ ನಮಸ್ಕರಿಸಿ, ಅದನ್ನು ಮೆಲ್ಲಗೆ ಈಚೆಗೆ ಸರಿಸಿದರು. ಹಿಂದೆ ಅಂಗೈಯಗಲದ ಸಣ್ಣ ಬ್ಯಾಟರಿ ಇತ್ತು. ದೀಪದ ತಂತಿ ಅದಕ್ಕೆ ಸೇರಿತ್ತು.

"ಇದು ಬೈಕಿಂದು. ಕಳ್ಳಗ ಕೈ ಮುಗದೀರಿ ನೀವು."

"ಇದು ನಮ್ದಲ್ಲ," ಎಂದಳು ಯಲ್ಲಕ್ಕ.

ಸಣ್ಣ ಬ್ಯಾಟರಿಯನ್ನು ಪಂಚನಾಮೆಗೆ ಸೇರಿಸಿ ಜಪ್ತಿ ಮಾಡಲಾಯಿತು. ದೀಪ ಆರಿತು. ಕರೆಮ್ಮ ಎದ್ದು ಹೋಗಿ ಎಣ್ಣೆ ಬತ್ತಿ ತಂದು ಹಚ್ಚಿದಳು.

ಆ ದಿನ ಮಧ್ಯಾಹ್ನ ಗುಡ್ಡಪ್ಪ ಹೊಸಪೇಟೆಯ ಗುಜರಿ ಅಂಗಡಿಗಳನ್ನೂ ಮರುದಿನ ಬೆಳಿಗ್ಗೆ ಸಂಡೂರಿನ ಗುಜರಿಗಳನ್ನೂ ಸುತ್ತಿದರು. ಯಾರೂ ಬ್ಯಾಟರಿ ಮಾರಲು ಬಂದಿರಲಿಲ್ಲ. ಸಂಡೂರಿನ ಗುಜರಿಯವನು ಒಂದು ಮಾತು ಹೇಳಿದ್ದ: "ಕದ್ದವ್ರು ನಟ್ಟು ಬಿಚ್ಚಂಗಿಲ್ಲ ಸಾಹೇಬ್ರ. ಕಟಿಂಗ್ ಪ್ಲೇಯರ್ ಹಾಕ್ತಾರ, ಗಟಾರದಾಗ ಆಸಿಡ್ ಸುರೀತಾರ, ಸೀಸ ತರ್ತಾರ. ಟೇಪ್ ಸುತ್ತೋ ಕಳ್ಳನ್ನ ನಾ ಕಂಡಿಲ್ಲ."

"ಮಾರಾಕ ಅಲ್ಲ ಅಂದಮ್ಯಾಲ ಯಾತಕ್ಕ?" ಗುಡ್ಡಪ್ಪ ಠಾಣೆಗೆ ಬಂದು ಕೇಳಿದರು.

ಸುಕನ್ಯಾ ಅದನ್ನೇ ಯೋಚಿಸುತ್ತಿದ್ದರು. ಬುಧವಾರ ಬರಬೇಕಿದ್ದ ಎಂಜಿನಿಯರ್ ಹನುಮೇಶ್‌ಗೆ ಫೋನು ಹಚ್ಚಿದರು.

"ಬ್ಯಾಟರಿ ಇದ್ದಿದ್ರೆ ಏನು ನೋಡ್ತಿದ್ರಿ?"

"ಮೊದ್ಲು ಮುಚ್ಚಳ ತೆಗೆದು ನೀರು ನೋಡ್ತೀನಿ ಮೇಡಂ. ಒಳಗಿನ ನೀರು ಆವಿಯಾಗಿ ಇಳೀತಾ ಇರುತ್ತೆ, ಆಗಾಗ ಮೇಲೆ ಹಾಕ್ಬೇಕು. ಬಟ್ಟಿ ಇಳಿಸಿದ ನೀರೇ ಹಾಕ್ಬೇಕು. ಬೋರಿಂದೋ ಹೊಳೇದೋ ಹಾಕಿದ್ರೆ ಅದರಲ್ಲಿರೋ ಉಪ್ಪು, ಕಬ್ಬಿಣ ಎಲ್ಲ ಒಳಗೇ ಉಳಿದು ಬ್ಯಾಟರೀನ ನಿಧಾನಕ್ಕೆ ತಿನ್ನುತ್ತೆ. ಪರೀಕ್ಷೆ ಮಾಡಿದ್ರೆ ಗೊತ್ತಾಗಿಬಿಡುತ್ತೆ. ಆಗ ವಾರಂಟಿ ಇಲ್ಲ."

ಫೋನು ಇಟ್ಟು ಸುಕನ್ಯಾ ಮತ್ತೆ ಪಾಪಿನಾಯಕನಹಳ್ಳಿಗೆ ಹೋದರು. ಈ ಸಲ ಯಲ್ಲಕ್ಕನನ್ನಲ್ಲ, ಕರೆಮ್ಮನನ್ನು ಕರೆದು ಕೇಳಿದರು.

"ಬ್ಯಾಟರಿಗೆ ನೀರು ಹಾಕೋದು ನೋಡೀಯೇನಬೇ?"

"ನೋಡ್ದ ಇರ್ತೀವೇನ್ರಿ? ಮಾನವಮಿಗೆ ಆಯುಧ ಪೂಜಿ ಮಾಡಿದ್ವಿ. ಹಲಗಿಗೆ, ಮಷೀನಿಗೆ, ಬ್ಯಾಟರಿಗೆ ಕುಂಕುಮ ಹಚ್ಚಿದ್ವಿ. ಕೊಟ್ರಯ್ಯ ಹಂಪಿಗೆ ಹೋಗಿ ಹೊಳಿಯಿಂದ ಕ್ಯಾನಿನಾಗ ತೀರ್ಥ ತಂದಿದ್ದ. ಮಂತ್ರ ಹೇಳ್ಕೊಂತ ಎಲ್ಲಾ ತೂತಿಗೂ ಹಾಕಿದ. ಮೈ ಝುಂ ಅಂತು. ಉಳದದ್ದನ್ನ ಆಮ್ಯಾಲೂ ಹಾಕ್ತಿದ್ದ. ಕ್ಯಾನು ಮುಗದ್ರ ಮತ್ತ ತರ್ತಿದ್ದ. ಅಂಗಡಿ ನೀರಿಗಿಂತ ಇದು ಮೇಲು ಅಂತಿದ್ದ."

ಗುಡ್ಡಪ್ಪ ಸುಕನ್ಯಾರ ಮುಖ ನೋಡಿದರು.

ಮಂಗಳವಾರ ಸಂಜೆ ಐದಕ್ಕೆ ಕೊಟ್ರಯ್ಯನನ್ನು ಠಾಣೆಗೆ ಬರಹೇಳಿದರು. ಅವನು ಕಿಕ್ ಹೊಡೆದು ತಂದ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಇಳಿಯುತ್ತಿದ್ದಂತೆ ಸುಕನ್ಯಾ ಮೆಟ್ಟಿಲ ಮೇಲಿಂದಲೇ ಕೇಳಿದರು.

"ಒಂದು ಸಲ ಹಾರ್ನ್ ಹೊಡೀರಿ."

"ಕೆಟ್ಟೈತ್ರಿ."

"ಇಂಡಿಕೇಟರ್?"

"ಅದೂ…"

"ಆರೇಳು ಹಳ್ಳಿಗೆ ಬೆಳಕು ಕೊಡಾವ್ನ ಗಾಡ್ಯಾಗ ಕರೆಂಟಿಲ್ಲ," ಎಂದರು ಗುಡ್ಡಪ್ಪ, ಬೈಕಿನ ಪಕ್ಕದ ಮುಚ್ಚಳ ತೆಗೆಯುತ್ತ. ಒಳಗೆ ಬ್ಯಾಟರಿ ಕೂರುವ ತಟ್ಟೆ ಖಾಲಿ ಇತ್ತು. ಪಂಚರ ಎದುರಿನಲ್ಲೇ ಜಪ್ತಿಯಾದ ಸಣ್ಣ ಬ್ಯಾಟರಿಯನ್ನು ತಂದು ಇಟ್ಟರು. ಅದು ತನ್ನ ಜಾಗಕ್ಕೆ ಸರಿಯಾಗಿ ಕೂತಿತು. ತಂತಿ ಸೇರಿಸಿ ಗುಡ್ಡಪ್ಪ ಗುಂಡಿ ಒತ್ತಿದರು. ಹಾರ್ನು ಅಂಗಳವೆಲ್ಲ ಕೇಳುವಂತೆ ಕೂಗಿತು.

ಕೊಟ್ರಯ್ಯ ಬೈಕಿನ ಸೀಟಿನ ಮೇಲೆ ಕೈಯೂರಿದ.

"ಅವ್ವನ ದೀಪ ನನ್ನ ಕೈಲೆ ಆರಿಸಾಕ ಆಗ್ಲಿಲ್ರಿ," ಎಂದ.

"ಬ್ಯಾಟರಿ ಎಲ್ಲದಾವ?"

"ಕಂಪ್ಲಿಯಾಗ. ತಂಗಿ ಮನ್ಯಾಗ. ಆಕಿಗೆ ಗೊತ್ತಿಲ್ರಿ, ರಿಪೇರಿಗೆ ತಂದೀನಿ ಅಂತ ಹೇಳೀನಿ."

ರವಿವಾರ ಕೇಂದ್ರಕ್ಕೆ ರಜೆ. ಅಂದು ಮಧ್ಯಾಹ್ನ ಕಂಪ್ಲಿಯ ಒಂದು ಟಂಟಂ ಆಟೋ ಬಾಡಿಗೆಗೆ ತಂದು, ಹಾಡಹಗಲಲ್ಲೇ ನಾಲ್ಕನ್ನೂ ಹೇರಿಸಿದ್ದ. ಕೀಲಿ ಅವನ ಹತ್ತಿರವೂ ಇತ್ತು, ಕಳ್ಳರು ಬಂದಂತೆ ಕಾಣಲೆಂದು ಹೋಗುವಾಗ ಬೀಗ ಮುರಿದಿದ್ದ. ನೋಡಿದವರು ಇದ್ದರು. ಆದರೆ ಕೊಟ್ರಯ್ಯ ಬ್ಯಾಟರಿ ಒಯ್ಯುವುದನ್ನು ಕಳವೆಂದು ಯಾರು ತಿಳಿದಾರು? ಯಲ್ಲಕ್ಕನಿಗೆ ಹೇಳಲೂ ಯಾರಿಗೂ ಹೊಳೆದಿರಲಿಲ್ಲ.

ಮಂಗಳವಾರ ಸಂಜೆಯೇ ಪೊಲೀಸರು ಕಂಪ್ಲಿಗೆ ಹೋಗಿ ಬ್ಯಾಟರಿಗಳನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡರು. ಬಾಳೆಗೊನೆ ಹಣ್ಣಿಗಿಡುವ ಕೋಣೆಯಲ್ಲಿ, ಗೋಣಿಚೀಲ ಹಾಸಿ, ನಾಲ್ಕನ್ನೂ ನೆಟ್ಟಗೆ ನಿಲ್ಲಿಸಿದ್ದ. ಮೇಲೆ ಹಚ್ಚಿದ್ದ ಕುಂಕುಮ ಇನ್ನೂ ಇತ್ತು.

ಬುಧವಾರ ಹನುಮೇಶ್ ಠಾಣೆಗೇ ಬಂದರು. ಅಂಗಳದಲ್ಲಿ ಪಂಚರ ಎದುರು ಮುಚ್ಚಳಗಳನ್ನು ತೆಗೆದು, ಗಾಜಿನ ಕೊಳವೆಯಲ್ಲಿ ಒಳಗಿನ ನೀರು ಎಳೆದು ಬೆಳಕಿಗೆ ಹಿಡಿದರು. ತಿಳಿಯಾಗಿರಬೇಕಾದದ್ದು ಕಂದಿತ್ತು.

"ವಾರಂಟಿ ಬರಲ್ಲಮ್ಮ, ಹಾಕಿರೋದು ಹೊಳೆ ನೀರು," ಎಂದರು ಯಲ್ಲಕ್ಕನಿಗೆ. "ಇವು ಪೂರ್ತಿ ಸತ್ತಿಲ್ಲ. ಆದ್ರೆ ಬೆಳಗಿನ ಜಾವಕ್ಕೆ ಸಾಕಾಗೋಷ್ಟು ಕೂಡಿಡೋ ಶಕ್ತಿ ಇಲ್ಲ."

"ಹಗಲು?"

"ಹಗಲು ಹಲಗೆಯಿಂದಲೇ ನೇರವಾಗಿ ಬರ್ತಾ ಇರುತ್ತೆ. ಬ್ಯಾಟರಿ ಸುಮ್ನೆ ಕೈ ಹಿಡಿದ್ರೆ ಸಾಕು. ಮಷೀನ್ ನಡೆಯುತ್ತೆ."

ಯಲ್ಲಕ್ಕ ಅಲ್ಲೇ ನಿಂತು ಕ್ಯಾಂಟೀನಿಗೆ ಫೋನು ಮಾಡಿದಳು.

"ಸಾರ್, ಬೆಳಗಿನ ಬಿಸಿ ರೊಟ್ಟಿ ಸ್ವಲ್ಪ ದಿನ ಬಂದ್. ಬದ್ಲಿಗೆ ಕಟಕ ರೊಟ್ಟಿ ಕಳಸ್ತೀವಿ, ಬಿಸಿಲಾಗ ಮಾಡಿದ್ದು, ಎಂಟು ದಿನ ಇಟ್ರೂ ಕೆಡಂಗಿಲ್ಲ. ರಾತ್ರಿ ಪಾಳಿಯವ್ರಿಗೂ ಆಗ್ತೈತಿ… ಇಲ್ರೀ, ಕೇಳಾಕ ಮಾಡಿಲ್ಲ, ಹೇಳಾಕ ಮಾಡೀನಿ. ನಮ್ಮ ಕಟಕ ರೊಟ್ಟಿ ಒಮ್ಮಿ ತಿಂದು ಆಮ್ಯಾಲ ಬ್ಯಾಡ ಅನ್ರಿ." ಆ ಕಡೆಯ ಮಾತು ಕೇಳಿ ಮೊಬೈಲು ಸೊಂಟಕ್ಕೆ ಸಿಕ್ಕಿಸಿದಳು. "ನಾಳೆಯಿಂದ ಕಳಸ್ರಿ ಅಂದ್ರು."

"ಬ್ಯಾಟರಿ ಈಗ ಮುದ್ದೆಮಾಲು, ಕೋರ್ಟು ಹೇಳೋತನ ಕೊಡಾಕ ಬರಂಗಿಲ್ಲ. ಕೋರ್ಟಿಗೆ ಅರ್ಜಿ ಹಾಕ್ರಿ, ನಾನೂ ಇವತ್ತ ವರದಿ ಕಳಸ್ತೀನಿ," ಎಂದರು ಸುಕನ್ಯಾ. "ಅಲ್ಲೀತನ?"

"ಅಲ್ಲೀತನ ರಟ್ಟಿ ಅದಾವಲ್ರಿ."

ಹೊರಡುವಾಗ ಅವಳು ಒಳಗಿನ ಬೆಂಚಿನ ಎದುರು ನಿಂತಳು. ಕೊಟ್ರಯ್ಯ ತಲೆಯೆತ್ತಲಿಲ್ಲ.

"ಮಾನವಮಿ ದಿನ ನಾವೂ ಕೈ ಮುಗದು ನಿಂತಿದ್ವಲ್ಲೋ ಅಯ್ಯಾ. ತಪ್ಪಾತು ಅಂದಿದ್ರ ಹದಿನೈದು ಮಂದಿ ತಪ್ಪಾಗಿರ್ತಿತ್ತು. ಒಬ್ಬವನ ಯಾಕ ಹೊತ್ತಿ?"

ಅವಳು ಹೋದ ಮೇಲೆ ಸುಕನ್ಯಾ ಅವನ ಸ್ವಇಚ್ಛಾ ಹೇಳಿಕೆ ಬರೆಯಲು ಕೂತರು.

"ತೀರ್ಥ ಹಾಕಿದ್ರ ಕೆಡ್ತೈತಿ ಅಂತ ಗೊತ್ತಿರ್ಲಿಲ್ಲ?"

"ಓದಿದ್ದೆ ರೀ. ನನಗ ಹೇಳಿಕೊಟ್ಟವ್ರೂ ಅದನ್ನ ಹೇಳಿದ್ರು. ಹಬ್ಬದ ದಿನ ಎಲ್ಲಾರೂ ನನ್ನ ಮುಖ ನೋಡ್ತಿದ್ರು. ಒಂದು ಹನಿಗೆ ಏನಾಗ್ತೈತಿ ಅಂದೆ. ಆಮ್ಯಾಲ ಏನೂ ಆಗ್ಲಿಲ್ಲ. ಆಗಂಗಿಲ್ಲ ಅಂತ ನಾನ ನಂಬಿದೆ."

"ಸೋತಾಗ ಗೊತ್ತಾತು."

"ಮುಚ್ಚಳ ತೆಗೆದು ನೋಡಿದ ದಿನಾನ ಗೊತ್ತಾತು. ಎಂಜಿನಿಯರ್ ಬಂದು ಅವರೆಲ್ಲಾರ ಮುಂದ ಹೇಳ್ತಾನಲ್ಲ, ಅದು ನೆನದು ನಿದ್ದಿ ಬರ್ಲಿಲ್ರಿ."

ಗುಡ್ಡಪ್ಪ ಬಂಧನದ ಕಾಗದ ತಂದಿಟ್ಟರು. ಕೊಟ್ರಯ್ಯ ಮೇಜಿನ ಮೇಲೆ ಬಾಗಿದ.

"ಮೇಡಂ, ಕಳವು ಮಾಡ್ಯಾನ ಅಂತ ಬರ್ಕೊಳ್ರಿ. ಬೀಗ ಮುರದಾನ ಅಂತ ಬರ್ಕೊಳ್ರಿ. ಆ ನೀರಿನ ವಿಷ್ಯ ಒಂದು ಬಿಟ್ಟುಬಿಡ್ರಿ. ಕೆಲಸ ಬರ್ತಿರ್ಲಿಲ್ಲ ಅಂತಾರ."

ಸುಕನ್ಯಾ ಎರಡನ್ನೂ ಬರೆದರು. ಬರೆದದ್ದನ್ನು ನಿಯಮದಂತೆ ಓದಿ ಹೇಳಿದರು. ಕಳವಿನ ಸಾಲಿಗೆ ಕೊಟ್ರಯ್ಯ ಹೌದೆಂದು ತಲೆಯಾಡಿಸಿದ. ನೀರಿನ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡ.