ಬಾವಿಕಟ್ಟೆಯ ಮೇಲೆ ಕಂಬಳಿವೀರ

ಮಳೆಗಾಲ ಮುಗಿದಾಗಿನಿಂದ ಕಂಬಳಿವೀರ ಮಾಯಾಬಾವಿಯ ಕಟ್ಟೆಯ ಮೇಲೆ ಕೂತೇ ಇದ್ದ. ಬೆನ್ನ ಮೇಲೆ ಅವನನ್ನು ಆಕಾಶಕ್ಕೆ ಒಯ್ಯುವ ಕರಿಯ ಕಂಬಳಿ, ಮುಖಕ್ಕೆ ಮುಸುಕು, ಕೆಳಗೆ ಸತ್ತವರ ದನಿಯಲ್ಲಿ ಕರೆಯುವ ನೀರು. ಚಿಕ್ಕೋಡಿಯಲ್ಲಿ ಮಕ್ಕಳ ಮಾಸಿಕ ನಡೆಸುವ ಮಲಕಾರಿ ಫೋನ್ ಮಾಡಿ, ಈ ಸಲ ಅವನನ್ನು ಎಬ್ಬಿಸಿರಿ ಇಲ್ಲವೆ ಮುಳುಗಿಸಿರಿ, ಕೂತ ವೀರನ ಚಿತ್ರಕಥೆಯನ್ನು ಯಾವ ಹುಡುಗ ಓದುತ್ತಾನೆ ಎಂದು ರೇಗಿದ್ದ.

ಅದಕ್ಕೇ ಚಿತ್ರ ಬರೆಯುವ ಶ್ರೇಣಿಕ ತಾನೇ ಕಡೆಯ ಪುಟ ಬರೆದುಕೊಂಡು ಶೇಡಬಾಳದ ಬ್ರಾಹ್ಮಿಯ ಮನೆಗೆ ಬಂದಿದ್ದ. ಹಿತ್ತಲ ಬಾವಿಯ ಬಳಿ ನಿಂತು ಬ್ರಾಹ್ಮಿ ಅದನ್ನು ನೋಡಿದಳು. ವೀರ ಗುಡ್ಡದ ಬಂಡೆಗಳನ್ನು ಹೊತ್ತು ತಂದು ಮಾಯಾಬಾವಿಯನ್ನು ತುಂಬಿಬಿಟ್ಟಿದ್ದ.

“ನನ್ನ ತಮ್ಮನ್ನ ಹುಗದು ಬಂದೀರಿ,” ಎಂದು ಪುಟವನ್ನು ಅವನ ಕೈಗೇ ಕೊಟ್ಟಳು.

ಕಥೆ ಬ್ರಾಹ್ಮಿಯದು, ಚಿತ್ರ ಶ್ರೇಣಿಕನದು. ಇಬ್ಬರ ನಡುವೆ ಕೂತು “ಮುಂದೇನಾತು?” ಎಂದು ಕೇಳಿ ಕೇಳಿ ಕಥೆಯನ್ನು ಮುಂದಕ್ಕೆ ನೂಕುತ್ತಿದ್ದವನು ತಮ್ಮ ಪಾರಿಸ. ಹೋದ ವರ್ಷ ಅವನು ಜ್ವರದಲ್ಲಿ ತೀರಿಕೊಂಡ. ಅರಿಹಂತರ ನಾಮ ಹೇಳುತ್ತಾ ತಲೆಯ ಬಳಿ ಕೂತಿದ್ದವಳು ಅಕ್ಕನೇ.

ಶಿರಗುಪ್ಪಿಯ ಶ್ರೇಣಿಕ ಕಬ್ಬಿನ ಟ್ರಾಲಿಗಳ ಹಿಂದೆ ಹುಲಿ, ಹದ್ದು ಬರೆದು ಜೀವನ ಮಾಡುವವನು. ವಯಸ್ಸಿನಲ್ಲಿ ಬ್ರಾಹ್ಮಿಗಿಂತ ದೊಡ್ಡವನಾದರೂ, ಗೆಳೆಯ ಪಾರಿಸ ಕರೆದಂತೆ ತಾನೂ ಅವಳನ್ನು ಅಕ್ಕ ಎನ್ನುತ್ತಿದ್ದ. ಈಚೆಗೆ ಆ ಮಾತು ಅವನ ಬಾಯಿಂದ ಬಿದ್ದುಹೋಗಿತ್ತು. ಹೆಸರು ಹಿಡಿದು ಕರೆಯಲು ಧೈರ್ಯವಿಲ್ಲದೆ ಬರೀ ‘ರೀ’ ಎಂದು ಕಾಲ ನೂಕುತ್ತಿದ್ದ. ಈ ಹುಡುಗನಿಗೆ ನಿನ್ನ ಹೆಸರು ಮರೆತಿದೆಯೋ ಏನೋ ಎಂದು ತಾಯಿ ಸುಗಂಧಾ ಮಗಳನ್ನು ಕೆಣಕಿದ್ದೂ ಉಂಟು. ಆಗೆಲ್ಲ ಬ್ರಾಹ್ಮಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಳಗೆ ಹೋಗಿಬಿಡುತ್ತಿದ್ದಳು.

ಇಂದು ಅವಳು ಒಳಗೆ ಹೋಗಲಿಲ್ಲ. ಶ್ರೇಣಿಕನೂ ಸೈಕಲ್ಲಿನ ಕಡೆಗೆ ತಿರುಗಲಿಲ್ಲ.

“ಪಾರಿಸನ್ನ ಹುಗ್ಯಾಕ ಬಂದಿಲ್ರೀ. ನೀವು ದಿನಾ ಸಂಜಿಗೆ ಈ ಬಾವ್ಯಾಗ ಬಗ್ಗತೀರಿ. ದಿನದಿಂದ ದಿನಕ್ಕ ಇನ್ನೀಟ ಹೆಚ್ಚ. ನನಗ ದೆವ್ವದ ಅಂಜಿಕಿ ಇಲ್ಲ, ನಿಮ್ಮ ಕಾಲು ಜಾರೂದರ ಅಂಜಿಕಿ.”

ತಾಯಿ ಒಳಗಿರುವುದನ್ನು ಅವಳು ನೋಡಿಕೊಂಡಳು. ಆಮೇಲೆ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಹೊತ್ತು ಇಳಿಯುವಾಗ ಕೊಡ ನೀರಿಗೆ ತಾಕಿದ ಕೂಡಲೇ ಕೆಳಗಿನಿಂದ ಪಾರಿಸ ಕೇಳುತ್ತಾನೆ, ಅಕ್ಕಾ, ಮುಂದೇನಾತು ಎಂದು. ಉತ್ತರ ಕೊಟ್ಟರೆ ಕಥೆ ಮುಗಿಯುತ್ತದೆ. ಕಥೆ ಮುಗಿದರೆ ಅವನು ಮತ್ತೆ ಕೇಳುವುದಿಲ್ಲ. ಅದಕ್ಕೇ ವೀರನನ್ನು ಕಟ್ಟೆಯ ಮೇಲೆ ಕೂರಿಸಿಟ್ಟಿದ್ದಾಳೆ.

ಶ್ರೇಣಿಕ ನಗಲಿಲ್ಲ. ತನಗೂ ಒಂದು ಕಾಟವಿದೆ ಎಂದ. ಮುಸುಕಿನ ಒಳಗೆ ಯಾರ ಕಣ್ಣು ಬರೆಯಹೋದರೂ ಪಾರಿಸನ ಕಣ್ಣುಗಳೇ ಮೂಡುತ್ತವಂತೆ. ಅಳಿಸಿದರೂ ಕಾಗದದ ಆಚೆ ಬದಿಯಿಂದ ನೋಡುತ್ತವಂತೆ.

ಇಳಿಬಿಸಿಲು ತೆಂಗಿನ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಜೈನರ ಮನೆ. ನೀರು ಗಾಳಿಸಿದ್ದಾಯಿತೇ ಎಂದು ಒಳಗಿನಿಂದ ಸುಗಂಧಾ ಕೇಳಿದರು. ಬ್ರಾಹ್ಮಿ ಸೇದಿಟ್ಟಿದ್ದ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತಿಳಿನೀರಿನಿಂದ ಸಣ್ಣ ಕೊಡಕ್ಕೆ ತೊಳೆದಳು. ಅವನ್ನು ಅದೇ ಬಾವಿಗೆ ಮರಳಿಸಬೇಕು. ಅದೂ ಮೇಲಿನಿಂದ ಸುರಿಯುವಂತಿಲ್ಲ, ನೋವಾಗುತ್ತದೆ. ಹಗ್ಗದಿಂದ ನೀರಿನ ಮಟ್ಟಕ್ಕೆ ಇಳಿಸಿ, ಮೆಲ್ಲಗೆ ಓರೆ ಮಾಡಬೇಕು. ಚಿಕ್ಕಂದಿನಿಂದ ದಿನವೂ ಮಾಡಿದ ಕೆಲಸ. ಇಂದು ಅವಳ ಕೈ ಅಲ್ಲೇ ನಿಂತಿತು.

“ಬಾವಿ ತುಂಬೂದು ಬ್ಯಾಡ,” ಎಂದಳು ನಿಧಾನವಾಗಿ. “ನಮ್ಮ ವೀರ ಆ ದನಿನ ಮ್ಯಾಲೆ ಸೇದತಾನ. ಗಾಳಸತಾನ. ತಿರಗಿ ಅದss ನೀರಿಗೆ ಮೆತ್ತಗ ಇಳಸತಾನ. ಆಮ್ಯಾಲೆ ಕಂಬಳಿ ಜಾಡಿಸಿ ಮನಿಗೆ ಹೋಗತಾನ.”

“ಹಾರಿ?”

“ನಡದು. ಮುಸುಕು ತಗದು.”

ಶ್ರೇಣಿಕ ಪುಟದ ಬೆನ್ನಿಗೇ ಪೆನ್ಸಿಲ್ ಓಡಿಸಿದ. ಮುಖದ ಬಳಿ ಬಂದು ಕೈ ತಡೆಯಿತು. ಯಾರ ಮುಖ ಎಂಬಂತೆ ಅವಳನ್ನು ನೋಡಿದ. ಅವಳೂ ನೋಡಿದಳು. ಗಡ್ಡಕ್ಕೆ ಅಂಟಿದ ಹಳದಿ ಬಣ್ಣ, ಅಂಜಿಕೆ ಮುಚ್ಚಿಡಲು ಬಾರದ ಕಣ್ಣು.

“ನಿಮ್ಮ ಮಾರಿ ಬರೀರಿ.”

“ನನ್ನ ಮಾರ್ಯಾಗ ವೀರ ಎಲ್ಲಿ ಅದಾನ್ರೀ? ನಾನss ಬರದ ಹುಲಿ ಟ್ರಾಲಿ ಹಿಂದ ಹೊಳದ್ರ ಸೈಕಲ್ ಬದಿಗೆ ಹಿಡೀತೀನಿ.”

“ಅಂಜೂವನ ಮಾರಿನss ಬೇಕು. ಅಂಜೂವವರು ಹೊತ್ತಿಗೆ ಸರಿಯಾಗಿ ಮನಿಗೆ ಬರತಾರ.”

ಅವಳು ಸಣ್ಣ ಕೊಡವನ್ನು ಬಾವಿಗೆ ಇಳಿಸಿದಳು. ಹಗ್ಗದ ತುದಿಯನ್ನು ಶ್ರೇಣಿಕ ಹಿಡಿದುಕೊಂಡ. ಕೊಡ ನೀರಿಗೆ ತಾಕಿತು. ಕೆಳಗಿನಿಂದ, ನಿದ್ದೆಗೆ ಜಾರುವ ಮಗುವಿನಂಥ ದನಿ ಬಂತು.

ಅಕ್ಕಾ, ಮುಂದೇನಾತು?

ಹಗ್ಗ ನಡುಗಿತು. ಅವನ ಮುಖ ನೋಡಿದಳು, ಅವನಿಗೂ ಕೇಳಿಸಿತ್ತು. ಆದರೂ ಅವನು ಹಗ್ಗ ಬಿಡಲಿಲ್ಲ.

ಬ್ರಾಹ್ಮಿ ಬಗ್ಗಲಿಲ್ಲ. ನೆಟ್ಟಗೆ ನಿಂತೇ ಹೇಳಿದಳು. “ಕಂಬಳಿವೀರ ಮನಿಗೆ ಹೋದನಪಾ. ಕಥಿ ಮುಗೀತು. ಮಲ್ಕೋ ನನ್ನಪ್ಪಾ.”

ಕೊಡ ಓರೆಯಾಯಿತು. ನೀರು ನೀರಿಗೆ ಸೇರಿದ ಸದ್ದೂ ಆಗಲಿಲ್ಲ. ಅವಳು ಕಾದಳು. ಬಾವಿ ಬರೀ ಬಾವಿಯಾಗಿತ್ತು. ಆಗ ಅವಳಿಗೆ, ಒಂದು ವರ್ಷದಿಂದ ತಡೆದಿದ್ದ ಅಳು ಬಂತು.  ಶ್ರೇಣಿಕ ಖಾಲಿ ಕೊಡವನ್ನು ಮೇಲೆ ಸೇದಿ, ಹಗ್ಗ ಸುತ್ತಿಟ್ಟು, ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲೇ ನಿಂತ.

ಆಮೇಲೆ, ಮೊದಲ ಸಲ ಹೆಸರು ಹಿಡಿದು ಕರೆದ.

“ಬ್ರಾಹ್ಮಿ, ಮುಂದೇನಾತು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಡುವಣದ ಕಡೆ ನೋಡಿದಳು. ಇನ್ನೂ ಸ್ವಲ್ಪ ಬೆಳಕಿತ್ತು.

“ಹೊತ್ತು ಮುಳಗೂದರಾಗ ಊಟ ಮಾಡೂಣು, ಒಳಗ ಬಾ,” ಎಂದಳು. “ಉಳದದ್ದು ಅವ್ವನ ಮುಂದ ನೀನss ಹೇಳು.”